ಕಡಿವಾಣ ಬೇಡ ಅನ್ನುವ ಕುದುರೆಯ ಜೊತೆ

ಲಾಯದಲ್ಲಿ ಒಂದು ಕುದುರೆ ಕಡಿವಾಣ ಹಾಕಿಸಿಕೊಳ್ಳಲು ಬಿಡಲಿಲ್ಲ ಅಂದರೆ ಅದಕ್ಕೆ ‘ಮೊಂಡು’ ಅಂತ ಹೆಸರು ಬಿದ್ದುಬಿಡುತ್ತದೆ. ಆಮೇಲೆ ಒಬ್ಬರು ಕಿವಿ ಹಿಡಿಯುತ್ತಾರೆ, ಇನ್ನೊಬ್ಬರು ಮೂಗು ಅದುಮುತ್ತಾರೆ, ಮೂರನೆಯವರು ‘ಬಿಟ್’, ಅಂದರೆ ಕಡಿವಾಣದಲ್ಲಿ ಬಾಯೊಳಗೆ ಕೂರುವ ಲೋಹದ ತುಂಡನ್ನು ಹಲ್ಲಿಗೆ ಒತ್ತುತ್ತಾರೆ. ಮಕ್ಕಳಿಗೆ ಕಷಾಯ ಕುಡಿಸುವ ಹಾಗೆ ಹೇಗೋ ಒಳಗೆ ತುರುಕುವುದು. ಮರುದಿನ ಅದೇ ಕುದುರೆ ತಲೆಯನ್ನು ಇನ್ನೂ ಒಂದು ಗೇಣು ಮೇಲೆ ಎತ್ತುತ್ತದೆ.

ನಾನು ದೊಡ್ಡಬಳ್ಳಾಪುರದ ಕಡೆ ಸಣ್ಣದೊಂದು ಲಾಯ ಇಟ್ಟುಕೊಂಡು ಸವಾರಿ ಕಲಿಸುತ್ತೇನೆ. ನಮ್ಮಲ್ಲಿ ಇರುವುದು ಹೆಚ್ಚಾಗಿ ರೇಸ್ ಬಿಟ್ಟು ಬಂದ ಥರೋಬ್ರೆಡ್ ಅನ್ನುವ ಓಟದ ತಳಿಯ ಕುದುರೆಗಳು. ಬೆಂಗಳೂರು, ಮೈಸೂರು ಎರಡು ಕಡೆಯೂ ರೇಸ್‌ಕೋರ್ಸ್ ಇರುವುದರಿಂದ ಇಂಥ ಕುದುರೆಗಳು ಸಿಗುತ್ತವೆ. ಇವು ಎರಡು ವರ್ಷಕ್ಕೇ ಓಟಕ್ಕೆ ಇಳಿಯುವ ಪ್ರಾಣಿಗಳು. ಅಂದರೆ ಹಾಲುಹಲ್ಲು ಉದುರುವ ಮೊದಲೇ ಬಾಯಿಗೆ ಬಿಟ್ ಬಿದ್ದಿರುತ್ತದೆ. ಬೆಳಗಿನ ಜಾವ ಸಾಲಾಗಿ ಎಷ್ಟೋ ಕುದುರೆಗಳನ್ನು ತಯಾರು ಮಾಡುವ ಅವಸರದಲ್ಲಿ ಒಂದೊಂದರ ಬಾಯಿ ನೋಡುತ್ತಾ ನಿಲ್ಲಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

ಗೌರಿ ಹಾಗೆ ಬಂದವಳು. ಕೆಂಪು ಮೈ, ಹಣೆಯ ಮೇಲೆ ಬಿಳಿ ಬೊಟ್ಟು, ಹೆಗಲ ಹತ್ತಿರ 16 ಹ್ಯಾಂಡ್, ಅಂದರೆ ಐದು ಅಡಿ ನಾಲ್ಕು ಇಂಚು ಎತ್ತರ. ಬಿಟ್ ಇಲ್ಲದ ಮುಖದ ಪಟ್ಟಿ, ಹಾಲ್ಟರ್ ಹಾಕಿದರೆ ಸುಮ್ಮನೆ ನಿಲ್ಲುತ್ತಾಳೆ, ಕಾಲು ಎತ್ತು ಅಂದರೆ ಎತ್ತುತ್ತಾಳೆ. ಬಿಟ್ಟಿನ ಬಳೆಗಳು ಕಿಣಿ ಅಂದ ಕೂಡಲೇ ಮಾತ್ರ ಮೂತಿ ಸೂರಿನ ಕಡೆ. ಇಷ್ಟು ಒಳ್ಳೆ ಸ್ವಭಾವದ ಕುದುರೆ ಒಂದೇ ಒಂದು ವಿಷಯಕ್ಕೆ ಹೀಗೆ ಮಾಡುತ್ತದೆ ಅಂದರೆ ಕಾರಣ ಸ್ವಭಾವದಲ್ಲಿ ಇಲ್ಲ, ಬಾಯಲ್ಲೋ ನೆನಪಲ್ಲೋ ಇದೆ ಅಂತ ನನಗೆ ಅನ್ನಿಸಿತು. ನನ್ನ ಮಟ್ಟಿಗೆ ಕ್ರಮ ಯಾವಾಗಲೂ ಅದೇ. ಮೊದಲು ಬಾಯಿ ನೋಡಬೇಕು, ಆಮೇಲೆ ಪಾಠ. ನೋಯುವ ಬಾಯಿಗೆ ಎಷ್ಟು ಚೆನ್ನಾಗಿ ಕಲಿಸಿದರೂ ಅದು ಹಿಂಸೆಯೇ.

ಕುದುರೆಯ ಬಾಯಲ್ಲಿ ಮುಂದೆ ಬಾಚಿಹಲ್ಲುಗಳು, ಹಿಂದೆ ದವಡೆಹಲ್ಲುಗಳು, ನಡುವೆ ಖಾಲಿ ಒಸಡು ಇರುತ್ತದೆ. ಬಿಟ್ ಕೂರುವುದು ಆ ಖಾಲಿ ಜಾಗದಲ್ಲೇ. ಗಂಡಿಗೆ ಅಲ್ಲಿ ಕೋರೆಹಲ್ಲೂ ಬರುತ್ತದೆ, ಆದ್ದರಿಂದ ಗಂಡಿಗೆ ಸಾಮಾನ್ಯವಾಗಿ 40 ಹಲ್ಲು, ಹೆಣ್ಣಿಗೆ 36. ಇದರ ಜೊತೆಗೆ ಕೆಲವು ಕುದುರೆಗಳಿಗೆ ಮೊದಲ ದವಡೆಹಲ್ಲಿನ ಮುಂದೆ ಒಂದು ಪುಟ್ಟ ಹಲ್ಲು ಹುಟ್ಟುತ್ತದೆ. ವುಲ್ಫ್ ಟೂತ್ ಅನ್ನುತ್ತಾರೆ. ಅಗಿಯುವುದಕ್ಕೆ ಉಪಯೋಗವಿಲ್ಲ. ಆದರೆ ಬಿಟ್ ಹೋಗಿ ಅದಕ್ಕೆ ತಾಗಿದರೆ ಜೀವ ಹೋಗುವಷ್ಟು ನೋವು.

ಟಾರ್ಚ್ ಹಿಡಿದು ಗೌರಿಯ ತುಟಿ ಮೆಲ್ಲಗೆ ಹಿಂದಕ್ಕೆ ಎಳೆದು ನೋಡಿದೆ. ಬಾಯಿಯ ಬಲ ಮೂಲೆಯಲ್ಲಿ ಹಳೆಯ ಗಾಯ ಮಾಗಿದ ಬಿಳಿ ಗೆರೆ. ಒಳಗೆ ಕೆನ್ನೆಯ ಮೇಲೆ ಹಲ್ಲು ಕೊರೆದ ಗುರುತು. ಮೇಲಿನ ದವಡೆಯ ಬಲಗಡೆ ಬೆರಳಿಗೆ ಏನೋ ಚುರುಕ್ ಅಂತ ಸಿಕ್ಕಿತು, ಕಿರುಬೆರಳಿನ ಉಗುರಿನಷ್ಟು. ನಮ್ಮ ಡಾಕ್ಟರ್ ಬಂದು ಮತ್ತು ಬರುವ ಇಂಜೆಕ್ಷನ್ ಕೊಟ್ಟು, ಬಾಯಿ ತೆರೆದು ಹಿಡಿಯುವ ಗ್ಯಾಗ್ ಹಾಕಿ ಪೂರ್ತಿ ನೋಡಿದರು. ಅದು ವುಲ್ಫ್ ಟೂತೇ ಆಗಿತ್ತು. ಆ ಜಾಗ ಮರಗಟ್ಟಿಸಿ ಕಿತ್ತರು. ದವಡೆಹಲ್ಲುಗಳ ಚೂಪು ಅಂಚುಗಳನ್ನೂ ಉಜ್ಜಿ ಸಮ ಮಾಡಿದರು. ಕುದುರೆಯ ಹಲ್ಲು ವರ್ಷಕ್ಕೆ ಎರಡು ಮೂರು ಮಿಲಿಮೀಟರ್ ಮೇಲೆ ಬರುತ್ತಲೇ ಇರುತ್ತದೆ. ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲ. ಹಾಗಾಗಿ ಮೇಲಿನ ಹಲ್ಲು ಹೊರಗಡೆ, ಕೆಳಗಿನದು ಒಳಗಡೆ ಚೂಪಾಗುತ್ತದೆ. ಒಂದು ಕೆನ್ನೆ ಕೊರೆಯುತ್ತದೆ, ಇನ್ನೊಂದು ನಾಲಿಗೆ. ಕುದುರೆಗೆ ಧನುರ್ವಾಯು ಬಹಳ ಬೇಗ ತಗಲುವುದರಿಂದ ಟಿಟಿ ಆಗಿದೆಯಾ ಅಂತ ಡಾಕ್ಟರ್ ಹಲ್ಲು ಕೀಳುವ ಮೊದಲೇ ಕೇಳಿದರು. ಇದನ್ನು ಯಾರೂ ಮರೆಯಬೇಡಿ.

ಗಾಯ ಮಾಗಲು ಎರಡು ವಾರ ಬಾಯಿಗೆ ಏನೂ ಬೇಡ ಅಂದರು. ಆ ದಿನಗಳು ಖಾಲಿ ಹೋಗಲಿಲ್ಲ. ಬಾಯಿಯ ತಂಟೆಗೆ ಹೋಗದೆ ನೆತ್ತಿ, ಕಿವಿಗಳ ಕೆಲಸ ಶುರು ಮಾಡಿದೆವು.

ಕುದುರೆಗಳನ್ನು ನೋಡಿಕೊಳ್ಳುವ ನಮ್ಮ ಸೈಸ್ ವಯಸ್ಸಾದವರು, ಕುದುರೆಗಳ ನಡುವೆಯೇ ಬೆಳೆದವರು. ನಾನು ಚಾಚಾ ಅಂತೀನಿ. ಅವರು ಎರಡು ದಿನ ದೂರದಿಂದ ನೋಡಿ ಹೇಳಿದರು: “ಮೇಡಂ, ಇದರ ಕಿವಿ ತಿರುಚಿದ್ದಾರೆ. ನೋಡಿ, ಬಲಗಿವಿ ಹತ್ರ ಕೈ ಹೋದ್ರೆ ಮಾತ್ರ ಕತ್ತಿನ ಚರ್ಮ ನಡುಗುತ್ತೆ.” ನಿಜ. ಉಣುಗು, ಹುಣ್ಣು ಏನಾದರೂ ಇದೆಯಾ ಅಂತ ಡಾಕ್ಟರ್ ಕಿವಿಯನ್ನೂ ನೋಡಿದ್ದರು, ಇರಲಿಲ್ಲ. ಉಳಿದದ್ದು ನೆನಪು. “ಹಾಗಾದ್ರೆ ಎಡಗಡೆಯಿಂದ ಶುರು ಮಾಡೋಣ ಚಾಚಾ, ಬಲಕ್ಕೆ ಅವಳೇ ದಾರಿ ಕೊಡಲಿ” ಅಂದೆ.

ಮೊದಲ ಪಾಠ ತಲೆ ತಗ್ಗಿಸುವುದು. ಅಂಗೈಯನ್ನು ಕಿವಿಗಳ ಹಿಂದೆ, ನೆತ್ತಿಯ ಮೇಲೆ ಇಡುತ್ತೇನೆ. ಒತ್ತುವುದಿಲ್ಲ, ಕೈಯ ಭಾರ ಅಷ್ಟೇ. ಅವಳು ತಲೆ ಎತ್ತಿದರೆ ಕೈಯೂ ಜೊತೆಗೇ ಮೇಲೆ ಹೋಗುತ್ತದೆ. ಅದೇ ಭಾರ, ಜಾಸ್ತಿಯೂ ಇಲ್ಲ, ಕಮ್ಮಿಯೂ ಇಲ್ಲ. ಒಂದು ಬೆರಳಿನಷ್ಟು ತಲೆ ಇಳಿದರೂ ತಕ್ಷಣ ಕೈ ತೆಗೆದು ಕುತ್ತಿಗೆ ಸವರುತ್ತೇನೆ. ಕುದುರೆ ಕಲಿಯುವುದು ಭಾರ ಬಿದ್ದಾಗ ಅಲ್ಲ, ಭಾರ ಹೋದಾಗ. ತಲೆ ಮೇಲಿದ್ದಾಗ ಕೈ ತೆಗೆದರೆ ‘ಎತ್ತಿದರೆ ಬಿಡುತ್ತಾರೆ’ ಅನ್ನುವ ಪಾಠವಾಗುತ್ತದೆ. ಬಲವಂತ ಮಾಡಿದ ಕಡೆಯೆಲ್ಲ ಕುದುರೆ ಕಲಿತಿರುವುದು ಇದನ್ನೇ. ಕೆಲವು ದಿನಗಳಲ್ಲಿ ಗೌರಿಯ ಮೂಗು ನನ್ನ ಸೊಂಟದ ಮಟ್ಟಕ್ಕೆ ಬರತೊಡಗಿತು. ಕಿವಿಗೂ ಅದೇ ರೀತಿ. ಕುತ್ತಿಗೆಯಿಂದ ಸವರುತ್ತಾ ಹೋಗಿ, ಅವಳು ತಪ್ಪಿಸಿಕೊಳ್ಳುವ ಮೊದಲೇ ಕೈ ವಾಪಸ್ ತರುವುದು. ಪ್ರತಿ ಸಲ ಒಂದಿಷ್ಟು ಮುಂದೆ.

ಈ ಕೆಲಸ ಮಾಡುವಾಗ ಕುದುರೆಯನ್ನು ಗೂಟಕ್ಕೆ ಕಟ್ಟಬಾರದು. ಹಿಂದಕ್ಕೆ ಜಗ್ಗಿ ಹಗ್ಗ ಬಿಗಿಯಾದರೆ ಗಾಬರಿ ಇಮ್ಮಡಿಯಾಗುತ್ತದೆ. ಹಗ್ಗ ನನ್ನ ಮೊಣಕೈ ಮೇಲೆ ಸಡಿಲವಾಗಿ ಇರುತ್ತಿತ್ತು.

ಗಾಯ ಮಾಗಿದ ಮೇಲೆ ಬಾಯಿಗೆ ಬಂದೆವು. ಆಗಲೂ ಮೊದಲು ಬರೀ ಬೆರಳು. ಎಡಗಡೆ, ಅವಳ ಕೆನ್ನೆಯ ಪಕ್ಕ ಅವಳು ನೋಡುವ ದಿಕ್ಕಿಗೇ ಮುಖ ಮಾಡಿ ನಿಂತು, ಹೆಬ್ಬೆರಳನ್ನು ತುಟಿಯ ಮೂಲೆಯಿಂದ ಒಳಗೆ ಹಾಕಿ ಖಾಲಿ ಒಸಡನ್ನು ಮೆತ್ತಗೆ ಒತ್ತಿದರೆ ಬಾಯಿ ತಾನಾಗಿ ತೆರೆಯುತ್ತದೆ. ಅಲ್ಲಿ ಹಲ್ಲಿಲ್ಲ, ಬೆರಳಿಗೆ ಅಪಾಯವಿಲ್ಲ. ಬಾಯಿ ತೆರೆದ ಕೂಡಲೇ ಬೆರಳು ಹೊರಗೆ. ಎಷ್ಟೋ ಜನ ಬಿಟ್ಟನ್ನೇ ಬಾಚಿಹಲ್ಲಿಗೆ ತಾಗಿಸಿ ತೆರೆಸಲು ನೋಡುತ್ತಾರೆ. ಹಲ್ಲಿಗೆ ಕಬ್ಬಿಣ ಬಡಿದರೆ ಯಾರು ತಾನೇ ಬಾಯಿ ಬಿಟ್ಟಾರು? ಇನ್ನೊಂದು ಮಾತು. ಕುದುರೆಗೆ ತನ್ನ ಹಣೆಯ ನೇರ ಮುಂದೆ, ಮೂಗಿನ ಕೆಳಗೆ ಇರುವುದು ಕಾಣುವುದಿಲ್ಲ. ಎದುರಿನಿಂದ ಬಿಟ್ ತಂದರೆ ಹತ್ತಿರ ಬರುತ್ತಿದ್ದಂತೆ ಅದು ಮಾಯವಾಗಿ, ಆಮೇಲೆ ಇದ್ದಕ್ಕಿದ್ದಂತೆ ತುಟಿಗೆ ತಗಲುತ್ತದೆ. ಅದಕ್ಕೇ ಪಕ್ಕದಿಂದ, ಕಣ್ಣಿಗೆ ಕಾಣುವ ಹಾಗೆ ತರಬೇಕು.

ಬಿಟ್ಟನ್ನೂ ಬದಲಾಯಿಸಿದೆ. ಜೊತೆಗೆ ಬಂದಿದ್ದು ನಡುವೆ ಒಂದೇ ಕೀಲಿರುವ, ಸ್ನ್ಯಾಫಲ್ ಅನ್ನುವ ಬಗೆಯ ಬಿಟ್, ಅವಳ ಬಾಯಿಗಿಂತ ಅಗಲ. ಅಗಲ ಜಾಸ್ತಿಯಾದರೆ ಲಗಾಮು ಎಳೆದಾಗ ನಡುವಿನ ಕೀಲು ಅಂಗುಳಿಗೆ ಚುಚ್ಚುತ್ತದೆ. ದಾರಕ್ಕೆ ಗಂಟು ಹಾಕಿ ಬಾಯಿಯ ಅಗಲ ಅಳೆದು, ಎರಡೂ ಬದಿಗೆ ಕಾಲು ಇಂಚು ಜಾಗ ಸೇರಿಸಿ, 5 ಇಂಚಿನ ಎರಡು ಕೀಲಿನದು ತಂದೆ. ಹಾಕಿದ ಮೇಲೆ ತುಟಿಯ ಮೂಲೆಯಲ್ಲಿ ಒಂದೆರಡು ಸುಕ್ಕು ಕಂಡರೆ ಸಾಕು. ಮುಳ್ಳಿರುವ ಕಡಿವಾಣಗಳನ್ನು ಇನ್ನೂ ಕೆಲವರು ಬಳಸುತ್ತಾರೆ. ಭಾರ ಎಳೆಯುವ, ಹೊರುವ ಪ್ರಾಣಿಗಳ ಬಗ್ಗೆ ಕೇಂದ್ರ ಸರ್ಕಾರ 1965ರಲ್ಲಿ ಮಾಡಿದ ನಿಯಮದಲ್ಲೇ ಮುಳ್ಳಿನ ಬಿಟ್ ನಿಷೇಧ. ಸವಾರಿಗೂ ಅದು ಅನ್ವಯಿಸುತ್ತದೆ. ಅಂಥದ್ದು ಕಂಡರೆ ಸುಮ್ಮನಿರಬೇಡಿ.

ಮೊದಲ ದಿನಗಳಲ್ಲಿ ಬ್ರೈಡಲನ್ನು, ಅಂದರೆ ತಲೆಗೆ ಹಾಕುವ ಪಟ್ಟಿಗಳ ಜೋಡಣೆಯನ್ನು, ಕಿವಿಯ ಮೇಲೆ ಹಾಯಿಸಲೇ ಇಲ್ಲ. ಕೆನ್ನೆಪಟ್ಟಿಯ ಬಕಲ್ ಬಿಚ್ಚಿ, ನೆತ್ತಿಪಟ್ಟಿಯನ್ನು ಕಿವಿಗಳ ಹಿಂದಿನಿಂದ ಹಾಕಿ, ಬಿಟ್ ಬಾಯಿಗೆ ಹೋದ ಮೇಲೆ ಬಕಲ್ ಹಾಕಿದೆವು. ಬಿಟ್ಟಿಗೆ ಬೆಲ್ಲದ ನೀರು ಸವರುತ್ತಿದ್ದೆ. ಬೆಲ್ಲವೇ ಎಲ್ಲ ಮಾಡುತ್ತದೆ ಅಂತಲ್ಲ. ನೋವಿರುವ ಬಾಯಿಗೆ ಬೆಲ್ಲ ಹಚ್ಚಿದರೆ ಅದು ಮೋಸ ಅಷ್ಟೇ. ನೋವು ಹೋದ ಮೇಲೆ ಹಳೆಯ ಅನುಮಾನ ಕಳೆಯಲು ಒಳ್ಳೆಯದು. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಬಿಟ್ ಮಂಜುಗಡ್ಡೆ ಥರ ಇರುತ್ತದೆ, ಆಗ ಅಂಗೈಯಲ್ಲಿ ಹಿಡಿದು ಬಿಸಿ ಮಾಡಿಕೊಂಡೇ ಹಾಕುತ್ತೇವೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು. ಹಾಕುವುದರ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ತೆಗೆಯುವುದನ್ನು ಯಾರೂ ನೋಡುವುದಿಲ್ಲ. ಸವಾರಿ ಮುಗಿಯಿತು, ಬಿಸಿಲು ಏರಿದೆ, ಕೈ ಸೋತಿದೆ. ಬಕಲ್ ಬಿಚ್ಚಿ ಒಂದೇ ಸಲ ಸರ್ ಅಂತ ಎಳೆಯುತ್ತಾರೆ. ಬಾಯಿ ಇನ್ನೂ ಮುಚ್ಚಿದೆ, ಬಿಟ್ ಕೆಳಗಿನ ಬಾಚಿಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಕುದುರೆ ಬೆಚ್ಚಿ ತಲೆ ಎಸೆಯುತ್ತದೆ, ಇನ್ನೂ ಜೋರಾಗಿ ಬಡಿಯುತ್ತದೆ. ಮರುದಿನ ಬ್ರೈಡಲ್ ಕಂಡಾಗ ಅದಕ್ಕೆ ನೆನಪಾಗುವುದು ಆ ಕೊನೆಯ ಪೆಟ್ಟೇ.

ಗೌರಿಗೆ ನಾನು ಮಾಡಿದ್ದು ಹೀಗೆ. ಗಂಟಲಪಟ್ಟಿ, ಮೂಗುಪಟ್ಟಿ ಎರಡೂ ಬಿಚ್ಚಿದೆಯಾ ಅಂತ ಮೊದಲು ನೋಡುವುದು. ತಲೆ ತಗ್ಗಿಸು ಅಂತ ನೆತ್ತಿಯ ಮೇಲೆ ಕೈ ಇಡುವುದು. ನೆತ್ತಿಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗಳ ಮೇಲಿಂದ ನಿಧಾನ ಮುಂದಕ್ಕೆ ತಂದು, ಅಲ್ಲೇ ನಿಲ್ಲಿಸುವುದು. ಎಳೆಯುವುದಿಲ್ಲ, ಬಿಡುವುದೂ ಇಲ್ಲ. ಅವಳು ನಾಲಿಗೆ ಆಡಿಸುತ್ತಾಳೆ, ದವಡೆ ಸಡಿಲಿಸುತ್ತಾಳೆ, ಬಿಟ್ಟನ್ನು ತಾನೇ ಹೊರಗೆ ಉಗುಳುತ್ತಾಳೆ. ಆಮೇಲೆಯೇ ಬ್ರೈಡಲ್ ಕೆಳಗೆ ಇಳಿಯುತ್ತದೆ. ಶುರುವಿನಲ್ಲಿ ನನ್ನ ತೋಳು ನೋಯುವಷ್ಟು ಹೊತ್ತು ಕಾಯಬೇಕಾಯಿತು. ಬಿಟ್ ಬಡಿಯದೆ ಹೊರಗೆ ಬರುತ್ತದೆ ಅನ್ನುವ ನಂಬಿಕೆ ಅವಳಿಗೆ ಬಂದ ಮೇಲೆ ಒಳಗೆ ಹಾಕಿಸಿಕೊಳ್ಳುವ ಜಗಳವೂ ತಾನಾಗಿ ಕಮ್ಮಿಯಾಯಿತು.

ಕೆಲವು ದಿನ ಬಿಟ್ ಹಾಕಿ, ಒಂದಿಷ್ಟು ಹುಲ್ಲು ಮೇಯಿಸಿ ತೆಗೆದುಬಿಡುತ್ತಿದ್ದೆವು. ಬಿಟ್ ಹಾಕಿದಾಗಲೆಲ್ಲ ಕೆಲಸ ಇರುತ್ತದೆ ಅಂತ ಅನ್ನಿಸಬಾರದಲ್ವಾ? ಅಷ್ಟೂ ದಿನ ಸವಾರಿ ಬೇಕಾದಾಗ ಬಿಟ್ ಇಲ್ಲದ ಬ್ರೈಡಲ್ಲಿನಲ್ಲೇ, ಕಟಾಂಜನದ ಒಳಗೆ ನಿಧಾನವಾಗಿ ಓಡಾಡಿಸಿದೆವು. ಅದರಲ್ಲೇ ಚೆನ್ನಾಗಿ ನಡೆಯುವ ಕುದುರೆಗಳೂ ಇವೆ. ಅಂಥದ್ದಕ್ಕೆ ಬಿಟ್ ಬೇಕೇ ಬೇಕು ಅಂತ ನಾನು ಹಟ ಮಾಡುವುದಿಲ್ಲ.

ಈಗ ನಮ್ಮಲ್ಲಿ ಕಲಿಯಲು ಬರುವ ಮಕ್ಕಳಿಗೆ ಕಡಿವಾಣ ಹಾಕುವುದಕ್ಕಿಂತ ಮೊದಲು ತೆಗೆಯುವುದನ್ನು ಕಲಿಸುತ್ತೇನೆ. ಕಲಿಸುವುದು ಗೌರಿಯ ಮೇಲೆಯೇ. ಹುಡುಗರು ಅವಸರ ಮಾಡಿದರೆ ಚಾಚಾ ಪಕ್ಕದಿಂದ “ತಡಿ ಮಗಾ, ಅವಳು ಬಿಡಲಿ” ಅನ್ನುತ್ತಾರೆ. ಡಾಕ್ಟರ್ ವರ್ಷಕ್ಕೊಮ್ಮೆ ಬಂದು ಎಲ್ಲ ಕುದುರೆಗಳ ಹಲ್ಲು ನೋಡುತ್ತಾರೆ, ಐದು ವರ್ಷಕ್ಕಿಂತ ಚಿಕ್ಕವಕ್ಕೆ ಆರು ತಿಂಗಳಿಗೊಮ್ಮೆ.