ಚಳಿ ಹೋಯ್ತು ಅಂತ ಹೀಟರ್ ಅಟ್ಟಕ್ಕೆ ಹಾಕುವ ಮೊದಲು

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತೆ ಅಂತಾರಲ್ವಾ? ಪುಣೆಗೆ ಬಂದ ಹೊಸದರಲ್ಲಿ ಆ ಮಾತು ನಂಬಿ, ಹಬ್ಬದ ಮಾರನೇ ದಿನವೇ ರೂಮ್ ಹೀಟರ್ ಅಟ್ಟಕ್ಕೆ ಹಾಕಿದೆ. ಮೂರನೇ ದಿನ ನಸುಕಿನಲ್ಲಿ ಎದ್ದು ನೋಡಿದರೆ, ವಿಜಯಪುರದಿಂದ ಬಂದಿದ್ದ ಅತ್ತೆ ಎರಡು ಕೌದಿ ಹೊದ್ದು ಗೋಡೆಗೊರಗಿ ಕೂತಿದ್ದರು. ಪಕ್ಕದ ಮನೆಯ ಏಣಿ ತಂದು ಮತ್ತೆ ಇಳಿಸಿದ್ದಾಯಿತು.

ಮಧ್ಯಾಹ್ನದ ಬಿಸಿಲು ನೋಡಿ ತೀರ್ಮಾನ ಮಾಡಿದ್ದೇ ತಪ್ಪು. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ, ಮುಂಬೈಗಿರುವಂತೆ ಪಕ್ಕದಲ್ಲಿ ಕಡಲಿಲ್ಲ. ಫೆಬ್ರವರಿಯ ಒಣ ಗಾಳಿ, ಮೋಡವಿಲ್ಲದ ಆಕಾಶ. ಹಗಲು ಕಾದ ನೆಲ ರಾತ್ರಿ ಬೇಗ ಆರುತ್ತದೆ. ಮಧ್ಯಾಹ್ನ 33 ಡಿಗ್ರಿ ಮುಟ್ಟಿದ ದಿನವೇ ಬೆಳಗ್ಗೆ 13 ಇದ್ದದ್ದುಂಟು.

ಹಾಗಾಗಿ ನೋಡಬೇಕಾದ್ದು ಬೆಳಗಿನ ಲೆಕ್ಕ. ಮೊಬೈಲಿನಲ್ಲಿ ಸುಮ್ನೆ ಪುಣೆ ಅಂತ ನೋಡಿದರೆ ಸಾಲದು. ಪಾಷಾಣ್ ಕಡೆ ಚಳಿ ಜಾಸ್ತಿ, ಮಗರಪಟ್ಟಾದಲ್ಲಿ ಕಡಿಮೆ. ಮಲಗುವ ಕೋಣೆಯಲ್ಲೇ ಒಂದು ಥರ್ಮಾಮೀಟರ್ ತೂಗುಹಾಕಿ. ರಾತ್ರಿ ಹೀಟರ್ ಹಾಕದೆ, ಬೆಳಗ್ಗೆ ಆರಕ್ಕೆ ನೋಡಿ. ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತ್ತು. ಹಿರಿಯರು, ಕೂಸುಗಳಿರುವ ಮನೆಗೆ ನಾನು 20 ಅಂತ ಇಟ್ಟುಕೊಳ್ಳುತ್ತೇನೆ. ಐದು ದಿನ ಬಿಡದೆ ಅಷ್ಟಿದ್ದರೆ ಹೀಟರ್ ಬೇಡ.

ಒಂದೆರಡು ಡಿಗ್ರಿ ಕಮ್ಮಿ ಬಿದ್ದರೆ ಕಿಟಕಿಯಿಂದಲೇ ತುಂಬಿಸಿಕೊಳ್ಳಬಹುದು. ಮಧ್ಯಾಹ್ನ ತೆರೆದಿಡಿ, ಹೊತ್ತು ಮುಳುಗುವ ಮೊದಲೇ ಮುಚ್ಚಿ. ಕಾದ ಗೋಡೆ ಅರ್ಧ ರಾತ್ರಿವರೆಗೂ ಬಿಸಿ ಬಿಡುತ್ತಿರುತ್ತದೆ. 2000 ವಾಟಿನ ಹೀಟರ್ ಒಂದು ಗಂಟೆ ಉರಿದರೆ 2 ಯೂನಿಟ್ ಹೋಯಿತು, ಕಿಟಕಿಗೆ ಬಿಲ್ ಇಲ್ಲ.

ಅಟ್ಟಕ್ಕೆ ಹಾಕುವಾಗ ಹೀಟರ್ ಪೂರ್ತಿ ಆರಿರಲಿ. ಜಾಲರಿಯ ಧೂಳನ್ನು ಒಣ ಬಟ್ಟೆಯಿಂದ ಒರೆಸಿ. ಇಲ್ಲದಿದ್ದರೆ ಬರುವ ಡಿಸೆಂಬರಿನಲ್ಲಿ ಸ್ವಿಚ್ ಹಾಕಿದ ಕೂಡಲೇ ಮನೆಯೆಲ್ಲ ಸುಟ್ಟ ವಾಸನೆ.

ಗೀಸರ್ ಮಾತು ಬೇರೆ. ಯುಗಾದಿಯ ಎಣ್ಣೆಸ್ನಾನ ಮುಗಿಯುವವರೆಗೆ ನಮ್ಮ ಮನೆಯಲ್ಲಿ ಅದನ್ನು ಮುಟ್ಟುವಂತಿಲ್ಲ! ಆದರೆ ಹೊತ್ತು ಇಳಿಸಬಹುದು. 15 ಲೀಟರಿನ, 2000 ವಾಟಿನ ಗೀಸರ್ 25 ಡಿಗ್ರಿಯ ನೀರನ್ನು 60ಕ್ಕೆ ತರಲು ಸುಮಾರು ಇಪ್ಪತ್ತು ನಿಮಿಷ ಬೇಕು. ಮಾರ್ಚಿನಲ್ಲಿ ಸ್ನಾನಕ್ಕೆ ಅಷ್ಟು ಬಿಸಿ ಯಾರಿಗೆ ಬೇಕು? ಹತ್ತು ನಿಮಿಷ ಸಾಕು, ಸ್ನಾನಕ್ಕೆ ಹೋಗುವ ಮುಂಚೆ ಮಾತ್ರ. ಏಪ್ರಿಲಿನಲ್ಲಿ ಟೆರೇಸಿನ ಕಪ್ಪು ಟ್ಯಾಂಕಿನ ನೀರು ಸಂಜೆ ನಲ್ಲಿಯಲ್ಲಿ ಕೈ ಸುಡುವಷ್ಟು ಬರತೊಡಗಿದರೆ ಗೀಸರ್ ಪೂರ್ತಿ ಆರಿಸಿ.

ರಜೆಗೆ ಊರಿಗೆ ಹೋಗುವಾಗ ಅದರ ನೀರು ಖಾಲಿ ಮಾಡಿದ್ದರೆ, ವಾಪಸ್ ಬಂದ ದಿನ ಮೊದಲು ಬಿಸಿನೀರಿನ ನಲ್ಲಿ ತಿರುಗಿಸಿ. ಬುಸ್ಸೆಂದು ಗಾಳಿ ಹೋಗಿ ನೀರು ಸರಾಗವಾಗಿ ಬಂದ ಮೇಲಷ್ಟೇ ಸ್ವಿಚ್. ಖಾಲಿ ಗೀಸರ್ ಹಾಕಿದರೆ ಒಳಗಿನ ಕಾಯಿಲ್ ಸುಟ್ಟುಹೋಗುತ್ತದೆ.