ತುಂಬಿ ಸುರಿದ ಮೇಲೆ ಬಂದ ಮೆಸೇಜು

ಬೆಂಗಳೂರಿನ ವಿಜಯನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೇಲೆ ನಾಲ್ಕು ಟ್ಯಾಂಕು, ಕೆಳಗೊಂದು ಸಂಪು. ಐದಕ್ಕೂ ನೀರಿನ ಮಟ್ಟ ಅಳೆಯೋ ಸೆನ್ಸರ್, ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ತಂದ ಎಸ್‌ಎಕ್ಸ್1276 ಲೋರಾ ಮಾಡ್ಯೂಲು (ಕಡಿಮೆ ಬ್ಯಾಟರಿಯಲ್ಲಿ ಚಿಕ್ಕ ಮೆಸೇಜನ್ನು ದೂರಕ್ಕೆ ಕಳಿಸೋ ರೇಡಿಯೋ), ಬ್ಯಾಟರಿ ಹಾಕಿದೆ. ಇಂಥ ಒಂದೊಂದು ಸೆಟ್ಟೂ ಒಂದು ನೋಡ್. ಅದು ಬಳಸೋ 865–867 ಮೆಗಾಹರ್ಟ್ಸ್ ತರಂಗಕ್ಕೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಕಿಲ್ಲ. ಟ್ಯಾಂಕು ತುಂಬುತ್ತಾ ಬಂದರೆ ವಾಚ್‌ಮನ್ ರೂಮಿನಲ್ಲಿ ಬಝರ್ ಕೂಗಬೇಕು, ಅವರು ಮೋಟರು ಆಫ್ ಮಾಡಬೇಕು.

ಮೊದಲ ವಾರವೇ ಸಂಪಿನ ಸಿಗ್ನಲ್ ಕೈಕೊಟ್ಟಿತು. ಸಿಟ್ಟಿನಲ್ಲಿ ಐದೂ ನೋಡ್‌ಗಳ ಪವರ್ 20 ಡಿಬಿಎಂಗೆ (ರೇಡಿಯೋ ಶಕ್ತಿಯ ಅಳತೆ), ಸ್ಪ್ರೆಡಿಂಗ್ ಫ್ಯಾಕ್ಟರ್ 12ಕ್ಕೆ ಏರಿಸಿದೆ. ಈ ಫ್ಯಾಕ್ಟರ್ ಏರಿದಷ್ಟೂ ಮೆಸೇಜು ನಿಧಾನ, ಆದರೆ ದೂರ ಮುಟ್ಟುತ್ತೆ. ವಾಚ್‌ಮನ್ ರೂಮಿನ ಡಬ್ಬಿಯಿಂದ "ಸಿಕ್ಕಿತು" ಅನ್ನೋ ಉತ್ತರ ಬಾರದಿದ್ದರೆ ಐದು ಸೆಕೆಂಡು ಬಿಟ್ಟು ಮತ್ತೆ ಕಳಿಸು ಅಂತಲೂ ಬರೆದೆ. ಒಂದು ಬೆಳಿಗ್ಗೆ ವಾಚ್‌ಮನ್ ಫೋನು: "ಸಾರ್, ಬಿ ಬ್ಲಾಕ್ ಟ್ಯಾಂಕು ಸುರೀತಾ ಐತೆ. ನಿಮ್ ಡಬ್ಬಿ ತೆಪ್ಪಗೆ ಕೂತೈತೆ."

ಲಾಗ್ ನೋಡಿದೆ. 125 ಕಿಲೋಹರ್ಟ್ಸ್ ಅಗಲದ ಚಾನೆಲ್ಲಿನಲ್ಲಿ 20 ಬೈಟಿನ ಪ್ಯಾಕೆಟ್ಟು, ಅಂದರೆ ಒಂದು ಮೆಸೇಜು, ಆ ಸೆಟ್ಟಿಂಗ್‌ಗೆ ಗಾಳಿಯಲ್ಲಿ ಸುಮಾರು 1.3 ಸೆಕೆಂಡು ಇರುತ್ತೆ. ಎರಡು ನೋಡ್ ಡಿಕ್ಕಿಯಾದರೆ ಎರಡೂ ಐದೇ ಸೆಕೆಂಡು ಕಾದು ಮತ್ತೆ ಡಿಕ್ಕಿ. ಬಾಗಿಲಲ್ಲಿ ಎದುರಾದ ಇಬ್ಬರು ಒಟ್ಟಿಗೇ ಸರಿದು ಒಟ್ಟಿಗೇ ಮುಂದೆ ಬಂದ ಹಾಗೆ. ಅಷ್ಟರಲ್ಲಿ ಹಳೇ ರೀಡಿಂಗುಗಳು ಕ್ಯೂ ಕಟ್ಟಿವೆ, "ತುಂಬಿತು" ಅನ್ನೋ ಮೆಸೇಜು ಅವುಗಳ ಹಿಂದೆ ನಿಂತಿದೆ. ಪೂರಾ 23 ನಿಮಿಷ.

ಸಂಪಿನ ರೋಗ ಪವರ್ ಕೊರತೆಯೇ ಅಲ್ಲ. ಆಂಟೆನಾ ಕಬ್ಬಿಣದ ಮುಚ್ಚಳದ ಒಳಗಿತ್ತು! ಒಂದು ಮೀಟರ್ ಪಿವಿಸಿ ಪೈಪಿನಲ್ಲಿ ಹೊರಗೆ ತಂದೆ. ಆಮೇಲೆ ಎಲ್ಲ ನೋಡ್‌ಗಳನ್ನೂ 17 ಡಿಬಿಎಂ, ಫ್ಯಾಕ್ಟರ್ 9ಕ್ಕೆ ಇಳಿಸಿದೆ. ಇಲ್ಲೊಂದು ಸೂಕ್ಷ್ಮ ಇದೆ. 3 ಡಿಬಿ ಇಳಿದರೆ ಹೊರಡುವ ಶಕ್ತಿ ಅರ್ಧ, ಆದರೆ ಚಿಪ್ ಎಳೆಯೋ ಕರೆಂಟು 120ರಿಂದ 87 ಮಿಲಿಆಂಪ್‌ಗಷ್ಟೇ ಇಳಿಯುತ್ತೆ. ನಿಜವಾದ ಉಳಿತಾಯ ಸಮಯದಲ್ಲಿ: ಪ್ಯಾಕೆಟ್ಟು ಈಗ 0.19 ಸೆಕೆಂಡಿಗೇ ಮುಗಿಯುತ್ತೆ. ಎರಡೂ ಸೇರಿ ಪ್ಯಾಕೆಟ್ಟಿಗೆ ಖರ್ಚು ಹತ್ತರಲ್ಲೊಂದು.

ಉಳಿದದ್ದು ಕ್ಯೂ. ಮಾಮೂಲಿ ರೀಡಿಂಗ್ ತಡವಾದರೆ ಯಾರ ಗಂಟೂ ಹೋಗಲ್ಲ. ಅರ್ಧ ಗಂಟೆಗೊಮ್ಮೆ ಕೊನೆಯದೊಂದೇ ಹೋಗುತ್ತೆ, ಉತ್ತರ ಕೇಳದೆ. ಟ್ಯಾಂಕು 90 ಪರ್ಸೆಂಟ್ ದಾಟಿದರೆ ಮಾತ್ರ ಸಾಲು ಹಾರಿ ಮೊದಲು. ಅದಕ್ಕೆ ಉತ್ತರ ಬರದಿದ್ದರೆ ಮತ್ತೆ ಡಿಕ್ಕಿಯಾಗದಂತೆ ಪ್ರತಿ ಸಲ ಲೆಕ್ಕವಿಲ್ಲದ ಬೇರೆ ಬೇರೆ ಹೊತ್ತು ಕಾದು 20 ಡಿಬಿಎಂನಲ್ಲಿ ಮತ್ತೆ.

ತಿಂಗಳಿಗೊಮ್ಮೆ ಬದಲಿಸುತ್ತಿದ್ದ ಬ್ಯಾಟರಿ, ಯುಗಾದಿಗೆ ಹಾಕಿದ್ದು ದಸರಾ ಕಳೆದರೂ ಓಡ್ತಿದೆ. ಬಝರ್ ಸದ್ದು ಮಾತ್ರ ವಾಚ್‌ಮನ್‌ಗೆ ಹಿಡಿಸಿಲ್ಲ, ಮೇಲೊಂದು ಟವೆಲ್ ಮುಚ್ಚಿದ್ದಾರೆ.