ಮುಖ ನೋಡುವ ಮೊದಲೇ ನಿಯಮ ಬರೆಯಿರಿ: ಪ್ರಾಥಮಿಕ ಶಾಲೆಯ ದಾಖಲಾತಿ ನ್ಯಾಯವಾಗಿ ನಡೆಸುವುದು ಹೇಗೆ?

ದಾಖಲಾತಿ ಮೇಜಿನ ಮುಂದೆ ತಾಯಿ ಕುಳಿತಿದ್ದಾರೆ, ಮಡಿಲಲ್ಲಿ ಮಗು. ಅರ್ಜಿಯ ಮೂಲೆಯನ್ನು ಅದು ಸುರುಳಿ ಸುತ್ತುತ್ತದೆ, ಬಿಚ್ಚುತ್ತದೆ, ಮತ್ತೆ ಸುತ್ತುತ್ತದೆ. ಉಳಿದಿರುವುದು ಒಂದೇ ಸೀಟು. ಹೊರಗೆ ಬೆಂಚಿನ ಮೇಲೆ ಇನ್ನೂ ಹನ್ನೊಂದು ಮಂದಿ ಕಾದಿದ್ದಾರೆ. ಯಾರಿಗೆ ಕೊಡಬೇಕು ಎಂದು ಆ ಹೊತ್ತಿನಲ್ಲಿ ಯೋಚಿಸತೊಡಗಿದರೆ ಆಗಲೇ ತಡವಾಯಿತು. ಎದುರಿಗೊಂದು ಮುಖ ಬಂದ ಮೇಲೆ ಮನಸ್ಸು ಅತ್ತ ವಾಲುತ್ತದೆ. ಚೆನ್ನಾಗಿ ಮಾತಾಡಬಲ್ಲವರ ಕಡೆಗೆ, ನಮ್ಮ ಪರಿಚಯದವರ ಪರಿಚಯ ಹೇಳಿಕೊಂಡು ಬಂದವರ ಕಡೆಗೆ, ಕಣ್ಣೀರು ಹಾಕಿದವರ ಕಡೆಗೆ. ಹಲವು ವರ್ಷ ಆ ಮೇಜಿನ ಈಚೆ ಕುಳಿತು ನಾನು ಕಲಿತದ್ದು ಇಷ್ಟು: ನ್ಯಾಯ ಎನ್ನುವುದು ಅರ್ಜಿ ಕೈಗೆ ಬರುವ ಮೊದಲೇ ಕಾಗದದ ಮೇಲೆ ಇರಬೇಕು.

ಸೀಟು ಶಾಲೆ ಕೊಡುವ ಕೊಡುಗೆಯಲ್ಲ ಎಂಬುದೂ ನೆನಪಿರಲಿ. ಪ್ರಾಥಮಿಕ ಶಿಕ್ಷಣ ಉಚಿತವೂ ಕಡ್ಡಾಯವೂ ಆಗಿರಬೇಕೆಂದು 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 26ನೇ ವಿಧಿ ಹೇಳಿತು. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 28ನೇ ವಿಧಿ ಅದನ್ನೇ ಮಗುವಿನ ಹಕ್ಕಾಗಿ ಬರೆಯಿತು. ಇಂಥದೇ ಶಾಲೆಯಲ್ಲಿ ಓದುವ ಹಕ್ಕು ಎಲ್ಲರಿಗೂ ಇರಲಾರದು, ಸರಿ. ಆದರೆ ಎಲ್ಲರನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದು ಶಾಲೆಯ ಕರ್ತವ್ಯ.

ಮೊದಲು ಸೀಟು ಎಣಿಸಿ

ಕೊಠಡಿ ಎಷ್ಟು, ಶಿಕ್ಷಕರು ಎಷ್ಟು, ಹಿಂದಿನ ತರಗತಿಯಲ್ಲೇ ಉಳಿಯುವ ಮಕ್ಕಳು ಎಷ್ಟು ಎಂದು ಲೆಕ್ಕ ಹಾಕಿ, ಒಂದು ಸಂಖ್ಯೆಗೆ ಬನ್ನಿ. ಇಂಗ್ಲೆಂಡಿನಲ್ಲಿ ಐದರಿಂದ ಏಳು ವರ್ಷದವರ ತರಗತಿಗೆ ಒಬ್ಬ ಶಿಕ್ಷಕರಿಗೆ 30 ಮಕ್ಕಳೆಂಬ ಮಿತಿ ಕಾನೂನಿನಲ್ಲೇ ಇದೆ. ನಿಮ್ಮಲ್ಲಿ ಎಷ್ಟೇ ಇರಲಿ, ಆ ಸಂಖ್ಯೆಯನ್ನು ಅರ್ಜಿ ಕೊಡುವ ಮೊದಲೇ ನೋಟೀಸ್ ಬೋರ್ಡಿಗೆ ಹಾಕಿ. "ಹೇಗೂ ನಾಲ್ಕು ಸೀಟು ಕೈಯಲ್ಲಿರಲಿ" ಎಂದು ಬಚ್ಚಿಡಬೇಡಿ. ವಶೀಲಿಯೆಲ್ಲ ಆ ನಾಲ್ಕು ಸೀಟಿನ ಸುತ್ತಲೇ ಹುಟ್ಟಿಕೊಳ್ಳುತ್ತದೆ.

ವಯಸ್ಸಿನ ಗಡಿ ದಿನಾಂಕವೂ ಹಾಗೆಯೇ. ಯಾವ ದಿನಕ್ಕೆ ಎಷ್ಟು ವರ್ಷ ತುಂಬಿರಬೇಕು ಎಂಬುದು ಒಂದೇ ಸಾಲಿನ ಮಾತು. ಗಡಿಗೆ ಎರಡು ದಿನ ಈಚೆ ಹುಟ್ಟಿದ ಮಗುವಿನ ತಂದೆ ತಾಯಿ ಬಂದು "ನಮ್ಮ ಮಗು ತುಂಬಾ ಚುರುಕು" ಎನ್ನುವುದು ಪ್ರತಿ ವರ್ಷವೂ ಇದ್ದದ್ದೇ. ಚುರುಕಿರಬಹುದು. ಆದರೆ ಒಬ್ಬರಿಗೆ ಸಡಿಲಿಸಿದರೆ, ನಿಯಮ ನೋಡಿ ಸುಮ್ಮನೆ ಮನೆಗೆ ಹೋದವರಿಗೆ ಅನ್ಯಾಯ ಮಾಡಿದಂತೆ. ವಿನಾಯಿತಿ ಇರುವುದಾದರೆ ಯಾರಿಗೆ, ಯಾವ ಕಾರಣಕ್ಕೆ ಎಂಬುದನ್ನೂ ಮೊದಲೇ ಬರೆದು ಪ್ರಕಟಿಸಿ.

ಆದ್ಯತೆಯ ಕ್ರಮ: ಇಲ್ಲಿಯೇ ಹೆಚ್ಚು ಹೊತ್ತು ಕೂರಿ

ಅರ್ಜಿ ಸೀಟಿಗಿಂತ ಕಡಿಮೆ ಬಂದರೆ ಮಾತೇ ಇಲ್ಲ, ಬಂದವರನ್ನೆಲ್ಲ ಸೇರಿಸಿಕೊಳ್ಳಿ. ಹೆಚ್ಚು ಬಂದಾಗ ಯಾರು ಮೊದಲು, ಯಾರು ನಂತರ ಎಂಬ ಕ್ರಮ ಬೇಕು. ಅದನ್ನು ಮುಖ್ಯ ಶಿಕ್ಷಕರೊಬ್ಬರೇ ಕೂತು ಬರೆಯುವುದು ಬೇಡ. ಆಡಳಿತ ಮಂಡಳಿ, ಶಿಕ್ಷಕರು, ಪೋಷಕರು ಕೂಡಿ ಬರೆಯಲಿ.

ಮೊದಲ ಸ್ಥಾನ ಪರವಾಗಿ ಮಾತಾಡುವವರು ಯಾರೂ ಇಲ್ಲದ ಮಕ್ಕಳಿಗೆ ಸಲ್ಲಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಂಗ್ಲೆಂಡಿನ ಪ್ರವೇಶ ಸಂಹಿತೆಯಲ್ಲಿ ಸರ್ಕಾರದ ಪಾಲನೆಯಲ್ಲಿರುವ ಮಕ್ಕಳಿಗೆ ಎಲ್ಲರಿಗಿಂತ ಮೊದಲ ಆದ್ಯತೆ ಇದೆ. ಅವರಿಗಾಗಿ ಬೆಳಗಿನ ಜಾವ ಬಂದು ಸಾಲಿನಲ್ಲಿ ನಿಲ್ಲುವ ಅಪ್ಪ ಇಲ್ಲ, ಫೋನ್ ಮಾಡಿಸುವ ಮಾವ ಇಲ್ಲ.

ಅಕ್ಕನೋ ಅಣ್ಣನೋ ಅದೇ ಶಾಲೆಯಲ್ಲಿದ್ದರೆ ತಮ್ಮ ತಂಗಿಗೆ ಆದ್ಯತೆ ಕೊಡುವುದು ಸಹಜವೆನಿಸುತ್ತದೆ, ಇಬ್ಬರು ಮಕ್ಕಳನ್ನು ಎರಡು ದಿಕ್ಕಿಗೆ ಬಿಟ್ಟು ಬರುವ ಕಷ್ಟ ತಪ್ಪುತ್ತದೆ. ಆದರೆ ಅದರ ಬೆಲೆ ಎಷ್ಟೆಂದು ಲೆಕ್ಕ ಹಾಕಿ ನೋಡಿ. 60 ಸೀಟಿನ ಶಾಲೆ. 26 ಸೀಟು ಒಡಹುಟ್ಟಿದವರಿಗೆ ಹೋದವು. ಉಳಿದ 34ಕ್ಕೆ 85 ಅರ್ಜಿ. ಅಂದರೆ ಹೊಸ ಕುಟುಂಬದ ಹತ್ತು ಮಕ್ಕಳಲ್ಲಿ ನಾಲ್ವರಿಗಷ್ಟೇ ಜಾಗ. ಈ ಆದ್ಯತೆ ಬೇಡವೆಂದು ನಾನು ಹೇಳುತ್ತಿಲ್ಲ. ಈ ಅಂಕಿಯನ್ನು ಪೋಷಕರ ಮುಂದಿಡಿ ಎನ್ನುತ್ತಿದ್ದೇನೆ. "60 ಸೀಟು ಇವೆ" ಎಂದು ಮಾತ್ರ ಹೇಳಿ ಅರ್ಜಿ ತೆಗೆದುಕೊಂಡರೆ ಅರ್ಧ ಸತ್ಯ ಹೇಳಿದಂತಾಗುತ್ತದೆ.

ಮನೆಯ ದೂರವನ್ನು ಲೆಕ್ಕಕ್ಕೆ ಹಿಡಿಯುವ ಶಾಲೆಗಳು ಬಹಳ. ಹಿಡಿಯುವುದಾದರೆ ಎಲ್ಲಿಂದ ಎಲ್ಲಿಗೆ, ನೇರ ಗೆರೆಯೋ ನಡೆಯುವ ದಾರಿಯೋ ಎಂದು ಸ್ಪಷ್ಟವಾಗಿ ಬರೆಯಿರಿ. ಎಲ್ಲರಿಗೂ ಒಂದೇ ನಕ್ಷೆ ಬಳಸಿ. ಒಂದು ಎಚ್ಚರಿಕೆಯೂ ಬೇಕು: ಹೆಸರಾದ ಶಾಲೆಯ ಸುತ್ತ ಬಾಡಿಗೆ ಏರುತ್ತದೆ. ದೂರವೊಂದನ್ನೇ ನೋಡಿದರೆ ಹತ್ತಿರದಲ್ಲಿ ಮನೆ ಮಾಡುವ ಶಕ್ತಿಯಿದ್ದವರಿಗೇ ಸೀಟು. ಅದಕ್ಕೇ ಒಂದಷ್ಟು ಸೀಟುಗಳನ್ನು ದೂರದ ಮಕ್ಕಳಿಗೋ ಬಡ ಕುಟುಂಬದ ಮಕ್ಕಳಿಗೋ ಬೇರೆಯಾಗಿ ಇಡುವುದು ಒಳ್ಳೆಯದು. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ಶೇ 25ರಷ್ಟು ಸೀಟುಗಳನ್ನು ದುರ್ಬಲ ವರ್ಗದ ಮತ್ತು ಅವಕಾಶವಂಚಿತ ಮಕ್ಕಳಿಗೆ ಮೀಸಲಿಟ್ಟದ್ದು ಇಂಥ ಉದ್ದೇಶದಿಂದಲೇ.

"ಮೊದಲು ಬಂದವರಿಗೆ ಮೊದಲು" ಎಂಬುದನ್ನು ಮಾತ್ರ ಬರೆಯಬೇಡಿ. ನೋಡಲು ಅದರಷ್ಟು ಸರಳವಾದದ್ದು ಇನ್ನೊಂದಿಲ್ಲ. ನಾನಿದ್ದ ಶಾಲೆಯಲ್ಲೂ ಒಂದು ಕಾಲಕ್ಕೆ ಹಾಗೇ ಇತ್ತು. ಒಂದು ಬೆಳಿಗ್ಗೆ ಒಂಬತ್ತಕ್ಕೆ ರಾತ್ರಿ ಪಾಳಿ ಮುಗಿಸಿಕೊಂಡು ಒಬ್ಬ ತಾಯಿ ಬಂದರು, ಆಸ್ಪತ್ರೆಯ ಕೆಲಸದ ಸಮವಸ್ತ್ರದಲ್ಲೇ. ಅರ್ಜಿ ಎಂಟೂಕಾಲಿಗೇ ಮುಗಿದಿತ್ತು. "ನನಗೆ ರಜೆ ಸಿಗಲಿಲ್ಲ ಮೇಡಂ" ಎಂದಷ್ಟೇ ಹೇಳಿ ಹೊರಟರು. ಆ ದಿನ ನಾವು ಅಳೆದದ್ದು ಯಾರ ಮನೆಯಲ್ಲಿ ರಾತ್ರಿಯೆಲ್ಲ ಸಾಲಿನಲ್ಲಿ ನಿಲ್ಲಲು ಒಬ್ಬರು ಬಿಡುವಾಗಿದ್ದಾರೆ ಎಂಬುದನ್ನು. ಅರ್ಜಿ ಕೊಡಲು ಮೂರು ನಾಲ್ಕು ವಾರ ಇರಲಿ. ಮೊದಲ ದಿನ ಬಂದದ್ದೂ ಕೊನೆಯ ದಿನ ಬಂದದ್ದೂ ಒಂದೇ ಎಂದು ದಪ್ಪಕ್ಷರದಲ್ಲಿ ಬರೆಯಿರಿ.

ಅರ್ಜಿ ನಮೂನೆಯನ್ನು ಎರಡು ಭಾಗ ಮಾಡಿ

ಮೊದಲ ನಮೂನೆಯಲ್ಲಿ ಆಯ್ಕೆಗೆ ಬೇಕಾದದ್ದು ಮಾತ್ರ: ಮಗುವಿನ ಹೆಸರು, ಹುಟ್ಟಿದ ದಿನ, ವಿಳಾಸ, ಆದ್ಯತೆಗೆ ಸಂಬಂಧಿಸಿದ ವಿವರ. ತಂದೆ ತಾಯಿಯ ಓದು, ಕೆಲಸ, ಸಂಬಳ, ಅವರು ಒಟ್ಟಿಗಿದ್ದಾರೆಯೇ ಬೇರೆಯಿದ್ದಾರೆಯೇ ಎಂಬುದು ಅಲ್ಲಿ ಬೇಡ. ಬಡ ಕುಟುಂಬಕ್ಕೆ ಮೀಸಲಾದ ಸೀಟಿಗೆ ಆದಾಯದ ದಾಖಲೆ ಬೇಕಾದರೆ, ಆ ಸೀಟು ಕೇಳಿದವರಿಂದ ಮಾತ್ರ ತೆಗೆದುಕೊಳ್ಳಿ. ಫೋಟೋ ಕೂಡ ಬೇಡ. ಕಣ್ಣಿಗೆ ಬಿದ್ದ ವಿವರ ಮನಸ್ಸಿನೊಳಗೆ ಕೆಲಸ ಮಾಡದೆ ಬಿಡುವುದಿಲ್ಲ. ರಕ್ತದ ಗುಂಪು, ಅಲರ್ಜಿ, ಮನೆಮಾತು, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಸೀಟು ಕೊಟ್ಟ ಮೇಲೆ ತುಂಬುವ ಎರಡನೇ ನಮೂನೆಗೆ.

ಮಗುವಿನ ಸಂದರ್ಶನ ಬೇಡವೇ ಬೇಡ. ಐದು ವರ್ಷದ ಮಗುವಿಗೆ ಬಣ್ಣದ ಹೆಸರು ಕೇಳಿದರೆ ಗೊತ್ತಾಗುವುದು ಅದರ ಮನೆಯಲ್ಲಿ ಬಣ್ಣದ ಪುಸ್ತಕ ಇದೆಯೋ ಇಲ್ಲವೋ ಎಂದು ಮಾತ್ರ. ಅಪರಿಚಿತರ ಎದುರು ಬಾಯಿ ಬಿಡದ ಮಗು ದಡ್ಡನಲ್ಲ, ಎಷ್ಟೋ ಸಲ ಜಾಣ. ಭಾರತದ ಕಾಯ್ದೆ ಮಗುವಿಗಾಗಲಿ ಪೋಷಕರಿಗಾಗಲಿ ಪರೀಕ್ಷೆ, ಸಂದರ್ಶನ ನಡೆಸುವುದನ್ನೂ ದೇಣಿಗೆ ವಸೂಲಿ ಮಾಡುವುದನ್ನೂ ಶಿಕ್ಷಾರ್ಹವೆಂದು ಹೇಳುತ್ತದೆ. ಮಗುವನ್ನು ಭೇಟಿಯಾಗುವ ಆಸೆಯಿದ್ದರೆ ಸೀಟು ಖಚಿತವಾದ ಮೇಲೆ ಕರೆಯಿರಿ.

ಇನ್ನು ಕಾಗದಪತ್ರ. ಜನನ ಪ್ರಮಾಣಪತ್ರ ಇಲ್ಲದ ಮಗುವನ್ನು ಬಾಗಿಲಿನಿಂದಲೇ ವಾಪಸು ಕಳಿಸುವುದು ಬಹಳ ಸುಲಭ, ಬಹಳ ತಪ್ಪು. ಆಸ್ಪತ್ರೆಯ ಚೀಟಿ, ಲಸಿಕೆ ಕಾರ್ಡು, ಪೋಷಕರ ಲಿಖಿತ ಹೇಳಿಕೆ ಇವುಗಳಲ್ಲಿ ಯಾವುದು ನಡೆಯುತ್ತದೆ ಎಂದು ಮೊದಲೇ ಪಟ್ಟಿ ಕೊಡಿ. ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲಿ, ಟೆಕ್ಸಾಸ್ ರಾಜ್ಯದ ಪ್ರಕರಣವೊಂದರಲ್ಲಿ, ದೇಶದಲ್ಲಿರಲು ದಾಖಲೆಯಿಲ್ಲ ಎಂಬ ಕಾರಣಕ್ಕೆ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಹೊರಗಿಡುವಂತಿಲ್ಲ ಎಂದಿತು. ದೊಡ್ಡವರ ಕಾಗದದ ಲೋಪಕ್ಕೆ ಮಗು ದಂಡ ತೆರಬಾರದು.

ಅರ್ಜಿ ತಂದುಕೊಟ್ಟ ಪ್ರತಿಯೊಬ್ಬರಿಗೂ ಕ್ರಮಸಂಖ್ಯೆ ಇರುವ ರಸೀದಿ ಕೊಡಿ. ಓದಲು ಬಾರದವರಿಗೆ ಸಿಬ್ಬಂದಿಯೇ ತುಂಬಿ, ಓದಿ ಹೇಳಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು ಪಡೆಯಲಿ. ಶಿಫಾರಸು ಬಂದರೆ? ನಾವು ಒಂದು ಪುಸ್ತಕ ಇಟ್ಟೆವು. ಫೋನ್ ಮಾಡಿದವರ ಹೆಸರು, ದಿನಾಂಕ, ಯಾವ ಮಗುವಿಗಾಗಿ ಎಂದು ಬರೆದುಕೊಳ್ಳುತ್ತೇವೆ, ಸಭೆಯಲ್ಲಿ ಓದುತ್ತೇವೆ ಎಂದು ವಿನಯದಿಂದಲೇ ತಿಳಿಸುತ್ತಿದ್ದೆವು. ಬಹಳ ಕರೆಗಳು ಅಲ್ಲಿಗೇ ಮುಗಿಯುತ್ತಿದ್ದವು.

ಚೀಟಿ ಎತ್ತುವ ದಿನ

ಆದ್ಯತೆಗಳೆಲ್ಲ ಮುಗಿದ ಮೇಲೂ ಸಮಾನ ಅರ್ಹತೆಯ ಮಕ್ಕಳು ಉಳಿಯುತ್ತಾರೆ. ಅಲ್ಲಿ ಲಾಟರಿಗಿಂತ ನ್ಯಾಯವಾದ ದಾರಿ ನನಗೆ ಕಂಡಿಲ್ಲ. "ಮಕ್ಕಳ ಭವಿಷ್ಯವನ್ನು ಅದೃಷ್ಟಕ್ಕೆ ಬಿಡುವುದೇ?" ಎಂದು ಕೇಳುವವರಿದ್ದಾರೆ. ಬಿಡದಿದ್ದರೆ ಅದು ಯಾರದೋ ಮರ್ಜಿಗೆ ಹೋಗುತ್ತದೆ. ಚೀಟಿಗೆ ಮರ್ಜಿಯಿಲ್ಲ.

ಆದರೆ ನಡೆಸುವ ರೀತಿ ಅಚ್ಚುಕಟ್ಟಾಗಿರಬೇಕು. ಚೀಟಿಯಲ್ಲಿ ಹೆಸರು ಬೇಡ, ರಸೀದಿಯ ಸಂಖ್ಯೆ ಸಾಕು. ಒಂದೇ ಕಾಗದದಿಂದ ಒಂದೇ ಅಳತೆಗೆ ಕತ್ತರಿಸಿ, ಒಂದೇ ರೀತಿ ಎರಡು ಮಡಿಕೆ ಮಡಿಸಿ. ಪೋಷಕರ ಎದುರಿಗೇ ಎಣಿಸಿ: 85 ಅರ್ಜಿ, 85 ಚೀಟಿ. ಖಾಲಿ ಡಬ್ಬಿಯನ್ನು ತಲೆಕೆಳಗು ಮಾಡಿ ತೋರಿಸಿ, ಆಮೇಲೆ ಹಾಕಿ. ಎತ್ತುವವರು ಶಾಲೆಗೂ ಅರ್ಜಿದಾರರಿಗೂ ಸಂಬಂಧವಿಲ್ಲದವರಾಗಿರಲಿ. ಒಬ್ಬರು ಎತ್ತಲಿ, ಇನ್ನೊಬ್ಬರು ಗಟ್ಟಿಯಾಗಿ ಓದಲಿ, ಮತ್ತೊಬ್ಬರು ಬೋರ್ಡಿನ ಮೇಲೆ ಬರೆಯಲಿ. 34ನೇ ಚೀಟಿಗೆ ನಿಲ್ಲಿಸಬೇಡಿ. ಕೊನೆಯ ಚೀಟಿಯವರೆಗೂ ಎತ್ತಿ. 35ರಿಂದ 85ರವರೆಗಿನ ಕ್ರಮವೇ ಕಾಯುವ ಪಟ್ಟಿ. ಅಲ್ಲೇ, ಎಲ್ಲರ ಕಣ್ಣೆದುರು ಸಿದ್ಧವಾಗುತ್ತದೆ. ಕೊನೆಗೆ ಹಾಳೆಗೆ ಇಬ್ಬರು ಪೋಷಕರ ಸಹಿ ಹಾಕಿಸಿ.

ಅವಳಿ ಮಕ್ಕಳ ವಿಷಯ ಮೊದಲೇ ತೀರ್ಮಾನಿಸಿ. ಇಬ್ಬರಿಗೆ ಎರಡು ಚೀಟಿ ಹಾಕಿ, ಒಬ್ಬರದು ಬಂದರೆ ಇನ್ನೊಬ್ಬರಿಗೂ ಸೀಟು ಎಂದರೆ ಆ ಕುಟುಂಬಕ್ಕೆ ಎರಡು ಅವಕಾಶ ಸಿಕ್ಕಂತೆ. ಇಬ್ಬರಿಗೂ ಸೇರಿ ಒಂದೇ ಚೀಟಿ ಹಾಕುವುದು ಸರಿ. ಕೊನೆಯ ಸೀಟು ಅವರಿಗೆ ಬಂದರೆ ಒಂದು ಸೀಟು ಹೆಚ್ಚಿಸುತ್ತೇವೆ ಎಂಬುದೂ ನಿಯಮದಲ್ಲೇ ಇರಲಿ.

ಹಲವು ಶಾಲೆಗಳು ಸೇರಿ ಒಂದೇ ಅರ್ಜಿ ಕರೆಯುವ ಊರುಗಳಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ಬಾಸ್ಟನ್ ನಗರದಲ್ಲಿ ಹಿಂದೆ ಮೊದಲ ಆಯ್ಕೆಯಾಗಿ ಬರೆದವರಿಗೇ ಮೊದಲು ಸೀಟು ಹಂಚಿ, ಉಳಿದದ್ದನ್ನು ಎರಡನೇ ಆಯ್ಕೆಯವರಿಗೆ ಕೊಡುತ್ತಿದ್ದರು. ಮೊದಲ ಆಯ್ಕೆ ಕೈತಪ್ಪಿದವರಿಗೆ ಎರಡನೆಯದೂ ತುಂಬಿಹೋಗಿರುತ್ತಿತ್ತು. ಒಳಗುಟ್ಟು ತಿಳಿದ ಪೋಷಕರು ಇಷ್ಟದ ಶಾಲೆ ಬಿಟ್ಟು ಸಿಗುವ ಶಾಲೆಯನ್ನು ಮೊದಲು ಬರೆಯುತ್ತಿದ್ದರು. ತಿಳಿಯದವರು ಮನಸ್ಸಿನಲ್ಲಿದ್ದದ್ದನ್ನೇ ಬರೆದು ಸೋಲುತ್ತಿದ್ದರು. 2005ರಲ್ಲಿ ನಗರ ಅದನ್ನು ಕೈಬಿಟ್ಟು, ಗಣಿತಜ್ಞರಾದ ಗೇಲ್ ಮತ್ತು ಶಾಪ್ಲಿ 1962ರಲ್ಲಿ ತೋರಿಸಿದ್ದ ವಿಧಾನದ ಮೇಲೆ ಕಟ್ಟಿದ ಪದ್ಧತಿಗೆ ಬದಲಾಯಿತು. ಅದರಲ್ಲಿ ಎಲ್ಲ ಸುತ್ತು ಮುಗಿಯುವವರೆಗೂ ಯಾವ ಸೀಟೂ ಅಂತಿಮವಲ್ಲ, ಹಾಗಾಗಿ ನಿಜವಾದ ಇಷ್ಟವನ್ನೇ ಬರೆದವರಿಗೆ ನಷ್ಟವಿಲ್ಲ.

ಸಿಕ್ಕವರಿಗೂ ಸಿಗದವರಿಗೂ ಪತ್ರ

ಸಿಗದವರ ಪತ್ರಕ್ಕೆ ಹೆಚ್ಚು ಶ್ರಮ ಹಾಕಿ. "ವಿಷಾದಿಸುತ್ತೇವೆ" ಎಂಬ ಒಂದು ಸಾಲು ಸಾಲದು. ಯಾವ ವಿಭಾಗದಲ್ಲಿ ಅರ್ಜಿ ನೋಡಿದೆವು, ಆ ವಿಭಾಗದಲ್ಲಿ ಸೀಟೆಷ್ಟು ಅರ್ಜಿಯೆಷ್ಟು, ನಿಮ್ಮ ಮಗು ಕಾಯುವ ಪಟ್ಟಿಯಲ್ಲಿ ಎಷ್ಟನೆಯದು, ಆಕ್ಷೇಪಣೆ ಇದ್ದರೆ ಯಾರಿಗೆ ಎಷ್ಟು ದಿನದೊಳಗೆ ಬರೆಯಬೇಕು ಎಂದಿರಲಿ. ಆ ಪತ್ರ ಓದಿ ಪೋಷಕರಿಗೆ ಬೇಸರವಾಗಬಹುದು, ಆದರೆ ಕಾರಣ ತಿಳಿಯಬೇಕು. ಆಕ್ಷೇಪಣೆ ಕೇಳುವವರು ಮೊದಲ ತೀರ್ಮಾನದಲ್ಲಿ ಕೂತವರಾಗಿರಬಾರದು.

ಕಾಯುವ ಪಟ್ಟಿಯಿಂದ ಕರೆಯುವಾಗ "ಫೋನ್ ಎತ್ತಲಿಲ್ಲ, ಮುಂದಿನವರಿಗೆ ಕೊಟ್ಟೆವು" ಎನ್ನುವುದು ಸುಲಭದ ಅನ್ಯಾಯ. ಮೂರು ಬೇರೆ ಬೇರೆ ಹೊತ್ತಿನಲ್ಲಿ ಕರೆ ಮಾಡಿ, ಸಂದೇಶ ಕಳಿಸಿ, ಸಮಯ ಬರೆದಿಡಿ, ಉತ್ತರಕ್ಕೆ ಎರಡು ದಿನವಾದರೂ ಕೊಡಿ.

ಅಂಗವೈಕಲ್ಯವಿರುವ ಮಗುವಿಗೆ ಸೀಟು ಬಂದಾಗ "ನಮ್ಮಲ್ಲಿ ಸೌಲಭ್ಯವಿಲ್ಲ" ಎಂಬ ಮಾತು ಬರಕೂಡದು. 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಅವರನ್ನು ಸಾಮಾನ್ಯ ಶಿಕ್ಷಣದಿಂದ ಹೊರಗಿಡುವಂತಿಲ್ಲ ಎನ್ನುತ್ತದೆ. ಏನು ಬೇಕು ಎಂದು ಪೋಷಕರನ್ನು ಕೇಳಿ. ಎಷ್ಟೋ ಸಲ ತರಗತಿಯನ್ನು ನೆಲಮಹಡಿಗೆ ಬದಲಿಸುವುದು, ಮುಂದಿನ ಬೆಂಚು ಕೊಡುವುದು, ಇಷ್ಟೇ ಆಗಿರುತ್ತದೆ.

ದಾಖಲಾತಿ ವಹಿಯಲ್ಲಿ ಬರೆಯುವಾಗ

ಈ ಕೆಲಸವನ್ನು ಅವಸರದಲ್ಲಿ ಮಾಡಬೇಡಿ. ಇಲ್ಲಿ ಬಿದ್ದ ಅಕ್ಷರ ಮಗುವಿನ ಜೊತೆ ಜೀವನವಿಡೀ ನಡೆಯುತ್ತದೆ. ಹೆಸರನ್ನು ಪೋಷಕರು ಹೇಳಿದಂತೆ ಬರೆಯಿರಿ, ನಿಮಗೆ ಸರಿಯೆನಿಸಿದಂತೆ ತಿದ್ದಬೇಡಿ. ಬರೆದದ್ದನ್ನು ಓದಿ ಹೇಳಿ, ಪುಸ್ತಕ ಅವರ ಕಡೆಗೆ ತಿರುಗಿಸಿ ತೋರಿಸಿ. ಹುಟ್ಟಿದ ದಿನಾಂಕ ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ. ತಪ್ಪಾದರೆ ಬಿಳಿ ಬಣ್ಣ ಬಳಿಯಬೇಡಿ. ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದು ಬರೆದು, ಸಹಿ, ದಿನಾಂಕ ಹಾಕಿ. ಮಗು ಶಾಲೆ ಬಿಟ್ಟರೂ ಅದರ ದಾಖಲಾತಿ ಸಂಖ್ಯೆ ಇನ್ನೊಬ್ಬರಿಗೆ ಹೋಗಬಾರದು. ವರ್ಷದ ನಡುವೆ ಊರು ಬದಲಿಸಿ ಬಂದ ಮಗುವಿನ ವರ್ಗಾವಣೆ ಪತ್ರ ತಡವಾದರೆ ಮಗುವನ್ನು ತರಗತಿಯಲ್ಲಿ ಕೂರಿಸಿ, ಪತ್ರವನ್ನು ನೀವೇ ಬರೆದು ತರಿಸಿಕೊಳ್ಳಿ.

ಶಾಲೆ ಶುರುವಾಗಿ ಒಂದು ತಿಂಗಳಾದ ಮೇಲೆ ಹಾಜರಿ ಪುಸ್ತಕ ಮತ್ತು ದಾಖಲಾತಿ ವಹಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೆಸರಿದ್ದೂ ಬಾರದ ಮಗುವಿನ ಮನೆಗೆ ಹೋಗಿ ಬನ್ನಿ. ಹಾಗೆಯೇ ಅರ್ಜಿ ವಿತರಣೆಯ ಪುಸ್ತಕವನ್ನೂ ತೆಗೆಯಿರಿ. ಒಂದು ವರ್ಷ ನಾವು ಲೆಕ್ಕ ಹಾಕಿದಾಗ, ಒಯ್ದು ಹಿಂದಿರುಗಿಸದ ಅರ್ಜಿಗಳಲ್ಲಿ ಬಹುಪಾಲು ಒಂದೇ ಬೀದಿಗೆ ಸೇರಿದ್ದವು. ನಮೂನೆಯ ಭಾಷೆ ಅವರ ಮನೆಮಾತಾಗಿರಲಿಲ್ಲ. ಮುಂದಿನ ವರ್ಷ ಅವರ ಭಾಷೆಯಲ್ಲೂ ಅಚ್ಚು ಹಾಕಿಸಿ, ಅರ್ಜಿ ತುಂಬಿಸಲು ಇಬ್ಬರು ಶಿಕ್ಷಕರನ್ನು ಒಂದು ಭಾನುವಾರ ಆ ಬೀದಿಗೇ ಕಳಿಸಿದೆವು.